ಒಂದು ಮೊಳ ಬಾಳೆನಾರು ಮತ್ತು ಲಂಡನ್–ಸಿಡ್ನಿ ವಾಯುಮಾರ್ಗ

ನಮ್ಮ ಅಜ್ಜಿಗೆ ಮೈಲಿ, ಕಿಲೋಮೀಟರುಗಳ ಲೆಕ್ಕ ತಿಳಿಯದು. ದೂರವನ್ನು ಆಕೆ ಹರದಾರಿಯಲ್ಲಿ ಹೇಳುತ್ತಿದ್ದಳು. ಅದಕ್ಕಿಂತ ಕಡಿಮೆಯಾದರೆ ‘ಒಂದು ಕವಳ ಹಾಕಿ ಮುಗಿಯುವಷ್ಟು ದೂರ’ ಎನ್ನುತ್ತಿದ್ದಳು. ಮಳೆಗಾಲದಲ್ಲಿ ಹಳ್ಳ ಉಕ್ಕಿ ಸಂಕ ಮುಳುಗಿತೆಂದರೆ, ಆಚೆ ದಡದಲ್ಲಿ ಕಣ್ಣಿಗೆ ಕಾಣುತ್ತಿದ್ದ ತವರುಮನೆಯೂ ಆಕೆಯ ಪಾಲಿಗೆ ‘ಈಗ ಬಹಳ ದೂರ’. ಅಜ್ಜಿಯ ಈ ಲೆಕ್ಕವನ್ನು ಕೇಳಿ ನಾವು ಮಕ್ಕಳು ನಗುತ್ತಿದ್ದೆವು. ಮೂವತ್ತಕ್ಕೂ ಹೆಚ್ಚು ವರ್ಷ ಭೂಗೋಳ, ಇತಿಹಾಸಗಳನ್ನು ಪಾಠ ಮಾಡಿ ನಿವೃತ್ತನಾದ ಮೇಲೆ, ಆಕೆಯ ಲೆಕ್ಕವೇ ಸರಿಯಾಗಿತ್ತೆಂದು ನನಗೆ ತೋರುತ್ತಿದೆ.

ಇದನ್ನು ಬರೆಯಲು ಕಾರಣವೊಂದಿದೆ. ಕಳೆದ ವಾರ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, “ಸಾರ್, ನನ್ನ ಎರಡು ಅಂಕ ಇನ್ನೂ ಬಾಕಿ ಇದೆ” ಎಂದು ನಕ್ಕ. ಅವನ ಸಹಪಾಠಿಗಳಲ್ಲಿ ಹಲವರು ಈ ಬರಹಗಳನ್ನು ಓದುತ್ತಿರುವಿರಿ. ನಿಮಗೆ ಸಂಗತಿ ನೆನಪಿರಬಹುದು. ಉಳಿದವರಿಗಾಗಿ ಹೇಳುತ್ತೇನೆ.

1986ರ ಅರ್ಧವಾರ್ಷಿಕ ಪರೀಕ್ಷೆ. ಒಂಬತ್ತನೆಯ ತರಗತಿಯ ಪ್ರಶ್ನೆಪತ್ರಿಕೆಯನ್ನು ತಯಾರಿಸಿದವನು ನಾನೇ. ‘ಲಂಡನ್ನಿನಿಂದ ಸಿಡ್ನಿಗೆ ಹೋಗುವ ವಾಯುಮಾರ್ಗದಲ್ಲಿ ಸಿಗುವ ನಾಲ್ಕು ನಗರಗಳನ್ನು ಹೆಸರಿಸಿ’ ಎಂಬುದು ಎರಡು ಅಂಕಗಳ ಪ್ರಶ್ನೆ. ನಾನು ನಿರೀಕ್ಷಿಸಿದ್ದ ಉತ್ತರ ಕೈರೋ, ಕರಾಚಿ, ಕಲ್ಕತ್ತ, ಸಿಂಗಪುರ. ಹಳೆಯ ಪುಸ್ತಕವೊಂದರಿಂದ ನಾನೇ ಟಿಪ್ಪಣಿ ಬರೆಸಿದ್ದೆ. ಈ ಹುಡುಗ ಬರೆದದ್ದು ಹೀಗೆ: ‘ಅತಿ ಹತ್ತಿರದ ದಾರಿಯಲ್ಲಿ ಟಿಪ್ಪಣಿಯ ನಗರಗಳು ಯಾವುವೂ ಬರುವುದಿಲ್ಲ. ಅದು ರಷ್ಯಾ, ಚೀನಾ ಮತ್ತು ಫಿಲಿಪೀನ್ಸ್ ಮೇಲೆ ಹೋಗುತ್ತದೆ. ನಾನು ಅಳೆದು ನೋಡಿದ್ದೇನೆ.’ ನಾನು ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿ, ಪಕ್ಕದಲ್ಲಿ ‘ಪ್ರಶ್ನೆಯನ್ನು ಸರಿಯಾಗಿ ಓದು’ ಎಂದು ಷರಾ ಬರೆದೆ.

ಉತ್ತರಪತ್ರಿಕೆ ಕೊಟ್ಟ ದಿನ ಅವನು ಶಾಲೆಯ ಹನ್ನೆರಡು ಅಂಗುಲದ ಗ್ಲೋಬನ್ನು ಎತ್ತಿಕೊಂಡು ನನ್ನ ಮೇಜಿನ ಬಳಿಗೆ ಬಂದ. ಕೈಯಲ್ಲಿ ಒಂದು ಬಾಳೆನಾರು. ಅವನ ತಾಯಿ ಹೂ ಕಟ್ಟಿ ಮಾರುತ್ತಿದ್ದ ಹೆಂಗಸು. ಮಲ್ಲಿಗೆ ಕಟ್ಟಲು ಸೀಳಿ ನೀರಿನಲ್ಲಿ ನೆನೆಸಿಟ್ಟ ನಾರಿನಲ್ಲಿ ಒಂದೆಳೆಯನ್ನು ತಂದಿದ್ದ. ಲಂಡನ್ನಿನ ಮೇಲೆ ಒಂದು ತುದಿ, ಸಿಡ್ನಿಯ ಮೇಲೆ ಇನ್ನೊಂದು ತುದಿ ಇಟ್ಟು ಬಿಗಿಯಾಗಿ ಎಳೆದು ಹಿಡಿದ. ಒಂದು ಮೊಳಕ್ಕೆ ಕೊಂಚ ಕಡಿಮೆಯಾಯಿತು. ನಾರು ನಿಜಕ್ಕೂ ರಷ್ಯಾದ ಮೇಲೆಯೇ ಹಾದುಹೋಗಿತ್ತು. ನಾನು ನೋಡಿದೆ, ಏನು ಹೇಳಬೇಕೆಂದು ತೋಚಲಿಲ್ಲ. “ಗಂಟೆ ಹೊಡೆಯಿತು, ತರಗತಿಗೆ ಹೋಗು” ಎಂದೆ. ಮೇಷ್ಟ್ರುಗಳಿಗೆ ಗಂಟೆಯ ಸದ್ದು ಎಷ್ಟೋ ಸಲ ಹೀಗೆ ಆಪದ್ಬಾಂಧವನಾಗುತ್ತದೆ.

ಅವನ ಅಳತೆ ತಪ್ಪಾಗಿರಲಿಲ್ಲ. ಗೋಡೆಗೆ ತೂಗುಹಾಕುವ ನಕಾಶೆಯಲ್ಲಿ ಲಂಡನ್–ಸಿಡ್ನಿಗಳ ನಡುವೆ ಅಡಿಕೋಲಿಟ್ಟು ಗೆರೆ ಎಳೆದರೆ ಅದು ನಮ್ಮ ದಕ್ಷಿಣ ಭಾರತದ ಮೇಲೆ ಹಾದುಹೋಗುತ್ತದೆ. ಆದರೆ ಭೂಮಿ ದುಂಡಗಿದೆ. ಕಿತ್ತಳೆ ಹಣ್ಣಿನ ಸಿಪ್ಪೆಯನ್ನು ಚಪ್ಪಟೆಯಾಗಿ ಹರಡಲು ಹೋದಂತೆ, ದುಂಡು ಮೈಯನ್ನು ಕಾಗದದ ಮೇಲೆ ಹರಡಿದಾಗ ನೇರ ದಾರಿಗಳು ಸೊಟ್ಟಗಾಗುತ್ತವೆ, ಸೊಟ್ಟ ದಾರಿಗಳು ನೇರವಾಗಿ ಕಾಣುತ್ತವೆ. ದುಂಡು ಮೈಯ ಮೇಲೆ ಎರಡು ಸ್ಥಳಗಳ ನಡುವಿನ ಅತಿ ಹತ್ತಿರದ ದಾರಿ ಮಹಾವೃತ್ತದ ತುಣುಕು. ಬಿಗಿದು ಹಿಡಿದ ನಾರು ತಾನಾಗಿಯೇ ಆ ದಾರಿಯನ್ನು ಹುಡುಕಿಕೊಳ್ಳುತ್ತದೆ. ಈ ಲೆಕ್ಕದಲ್ಲಿ ಲಂಡನ್–ಸಿಡ್ನಿಗಳ ಅಂತರ ಸುಮಾರು 17,000 ಕಿ.ಮೀ. ಭೂಮಿಯ ಸುತ್ತಳತೆಯೇ ಸುಮಾರು 40,000 ಕಿ.ಮೀ. ಇರುವುದರಿಂದ ಯಾವ ಎರಡು ಊರುಗಳೂ ಒಂದಕ್ಕೊಂದು 20,000 ಕಿ.ಮೀ.ಗಿಂತ ಹೆಚ್ಚು ದೂರವಿರಲು ಸಾಧ್ಯವಿಲ್ಲ. ಹಾಗಾಗಿ ಇದು ಜಗತ್ತಿನ ಅತಿ ದೂರದ ಜೋಡಿ ನಗರಗಳ ಸಾಲಿಗೆ ಸೇರಿದ್ದು.

ಹಾಗಾದರೆ ನನ್ನ ಟಿಪ್ಪಣಿಯ ಕೈರೋ, ಕರಾಚಿ, ಕಲ್ಕತ್ತಗಳು ಎಲ್ಲಿಂದ ಬಂದವು? ಅದು ನೂರು ವರ್ಷಗಳ ಕಥೆ.

ಮೊದಲನೆಯ ಮಹಾಯುದ್ಧ ಮುಗಿದ ಮರುವರ್ಷ, ಎಂದರೆ 1919ರಲ್ಲಿ, ಆಸ್ಟ್ರೇಲಿಯ ಸರ್ಕಾರವು ಒಂದು ಬಹುಮಾನವನ್ನು ಘೋಷಿಸಿತು. ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಮೂವತ್ತು ದಿನಗಳೊಳಗೆ ಹಾರಿ ಬರುವ ಮೊದಲ ಆಸ್ಟ್ರೇಲಿಯನ್ನರಿಗೆ 10,000 ಪೌಂಡು. ರಾಸ್ ಸ್ಮಿತ್ ಮತ್ತು ಕೀತ್ ಸ್ಮಿತ್ ಎಂಬ ಸೋದರರು ಬೆನೆಟ್ ಮತ್ತು ಶಿಯರ್ಸ್ ಎಂಬ ಇಬ್ಬರು ಮೆಕ್ಯಾನಿಕ್‌ಗಳೊಡನೆ ವಿಕರ್ಸ್ ವಿಮಿ ವಿಮಾನದಲ್ಲಿ ನವೆಂಬರ್ 12ರಂದು ಲಂಡನ್ನಿನ ಹೌನ್ಸ್ಲೋದಿಂದ ಹೊರಟರು. ತಲೆಯ ಮೇಲೆ ಮುಚ್ಚಿಗೆಯಿಲ್ಲದ ಆಸನ. ಮಳೆ, ಚಳಿ, ಬಿಸಿಲುಗಳೆಲ್ಲ ನೇರವಾಗಿ ಮೈಮೇಲೆ. ಕರಾಚಿ, ದೆಹಲಿ, ಅಲಹಾಬಾದ್, ಕಲ್ಕತ್ತ, ರಂಗೂನ್, ಸಿಂಗಪುರಗಳನ್ನು ದಾಟಿ ಡಿಸೆಂಬರ್ 10ರಂದು ಆಸ್ಟ್ರೇಲಿಯದ ಉತ್ತರ ಕರಾವಳಿಯ ಡಾರ್ವಿನ್‌ನಲ್ಲಿ ಇಳಿದರು. ತಗುಲಿದ ಕಾಲ 27 ದಿನ 20 ಗಂಟೆ. ಅದರಲ್ಲಿ ಆಕಾಶದಲ್ಲಿ ಕಳೆದದ್ದು ಸುಮಾರು 135 ಗಂಟೆ ಮಾತ್ರ. ಉಳಿದ ದಿನಗಳೆಲ್ಲ ನೆಲದ ಮೇಲೆ ಕಳೆದವು. ಇದೇ ಸ್ಪರ್ಧೆಗೆ ಹೊರಟ ಬೇರೆ ವಿಮಾನಗಳಲ್ಲಿ ನಾಲ್ವರು ಪ್ರಾಣ ಕಳೆದುಕೊಂಡರು.

ಈ ಯಾನದ ಒಂದು ಪ್ರಸಂಗ ನನಗೆ ಬಹಳ ಪ್ರಿಯ. ಜಾವಾ ದ್ವೀಪದ ಸುರಬಾಯದಲ್ಲಿ ಇಳಿದಾಗ ವಿಮಾನದ ಚಕ್ರಗಳು ಕೆಸರಿನಲ್ಲಿ ಹೂತುಹೋದವು. ಊರಿನ ಜನ ಬಿದಿರಿನ ತಟ್ಟಿಗಳನ್ನು ಹೊತ್ತು ತಂದು ಕೆಸರಿನ ಮೇಲೆ ಉದ್ದಕ್ಕೆ ಹಾಸಿದರು. ಆ ಚಾಪೆಯಂಥ ಹಾದಿಯ ಮೇಲೆ ಓಡಿ ವಿಮಾನ ಮೇಲಕ್ಕೇರಿತು. ನಮ್ಮ ಮಲೆನಾಡಿನಲ್ಲಿ ಹೂತುಹೋದ ಗಾಡಿಯನ್ನು ಎತ್ತಲು ಅಡಿಕೆ ಮರದ ದಬ್ಬೆ ಹಾಸುವುದನ್ನು ಕಂಡವರಿಗೆ ಈ ದೃಶ್ಯ ಅಪರಿಚಿತವಲ್ಲ.

ಅದೇ 1919ರ ಅಕ್ಟೋಬರಿನಲ್ಲಿ, ಸ್ಮಿತ್ ಸೋದರರು ಹೊರಡುವುದಕ್ಕೆ ಒಂದು ತಿಂಗಳ ಮೊದಲು, ಪ್ಯಾರಿಸ್ಸಿನಲ್ಲಿ ಇನ್ನೊಂದು ಘಟನೆ ನಡೆಯಿತು. ಹಲವು ರಾಷ್ಟ್ರಗಳು ಸೇರಿ, ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿರುವ ಆಕಾಶದ ಮೇಲೆ ಪೂರ್ಣ ಅಧಿಕಾರವುಂಟೆಂದು ಒಪ್ಪಂದ ಮಾಡಿಕೊಂಡವು. 1944ರ ಷಿಕಾಗೋ ಒಪ್ಪಂದವು ಇದನ್ನೇ ಮತ್ತೆ ಸಾರಿತು. ಹಾರುವ ಯಂತ್ರ ಬಂದ ಮೇಲೆ ಮನುಷ್ಯನಿಗೆ ಬೇಲಿಗಳ ಹಂಗು ತಪ್ಪಿತೆಂದು ಕನಸು ಕಂಡವರಿದ್ದರು. ಬೇಲಿಗಳೂ ಮನುಷ್ಯನ ಜೊತೆಗೆ ಮೇಲಕ್ಕೇರಿದವು. ಲಂಡನ್–ಸಿಡ್ನಿ ಮಾರ್ಗದ ಮುಂದಿನ ಇತಿಹಾಸವನ್ನು ಓದುವಾಗ ಎಂಜಿನ್ನುಗಳಷ್ಟೇ ಈ ಬೇಲಿಗಳನ್ನೂ ಗಮನಿಸಬೇಕು.

1929ರ ಮಾರ್ಚ್ 30ರಂದು ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ಲಂಡನ್–ಕರಾಚಿ ಅಂಚೆ ಮತ್ತು ಪ್ರಯಾಣಿಕ ಸೇವೆಯನ್ನು ಆರಂಭಿಸಿತು. ಕರಾಚಿ ತಲುಪಲು ಒಂದು ವಾರ. ‘ವಾಯುಮಾರ್ಗ’ ಎಂದು ಹೆಸರಾದರೂ ಯೂರೋಪಿನಲ್ಲಿ ಒಂದಷ್ಟು ದೂರವನ್ನು ರೈಲಿನಲ್ಲಿ ಕ್ರಮಿಸಬೇಕಿತ್ತು. ಮುಂದೆಯೂ, ಇಟಲಿಯ ಆಕಾಶದಲ್ಲಿ ಹಾರಲು ಅನುಮತಿ ಸಿಗದಿದ್ದ ಕಾರಣ, ಪ್ರಯಾಣಿಕರು ಪ್ಯಾರಿಸ್ಸಿನಲ್ಲಿ ರೈಲು ಹತ್ತಿ ಇಟಲಿಯ ದಕ್ಷಿಣದ ಬ್ರಿಂಡಿಸಿ ಬಂದರಿನಲ್ಲಿ ಇಳಿದು ಮತ್ತೆ ವಿಮಾನವೇರುತ್ತಿದ್ದರು. ಪರ್ಷಿಯ ದೇಶವು ತನ್ನ ಕರಾವಳಿಯ ಮೇಲಿನ ಹಾರಾಟದ ಅನುಮತಿಯನ್ನು ಮುಂದುವರಿಸದಿದ್ದಾಗ, 1932ರಲ್ಲಿ ಇಡೀ ಮಾರ್ಗವೇ ಕೊಲ್ಲಿಯ ಈಚೆಯ ಅರಬ್ ದಡಕ್ಕೆ ಸರಿಯಿತು. ಶಾರ್ಜಾದಲ್ಲಿ ಪ್ರಯಾಣಿಕರ ರಾತ್ರಿಯ ತಂಗುವಿಕೆಗೆ ಕೋಟೆಯಂಥದೊಂದು ಕಟ್ಟಡ ಎದ್ದಿತು. ಇಂದು ಅಲ್ಲಿ ದುಡಿಯುವ ನಮ್ಮ ಕರಾವಳಿಯ ಹುಡುಗರಿಗೆ ಅದು ವಸ್ತುಸಂಗ್ರಹಾಲಯವಾಗಿ ಪರಿಚಿತ.

ಇಲ್ಲಿ ನಮ್ಮ ನಾಡಿನ ಹೆಸರೊಂದು ಬರುತ್ತದೆ. ಲಂಡನ್ನಿನಿಂದ ಕರಾಚಿಗೆ ಬಂದ ಅಂಚೆಯನ್ನು ದಕ್ಷಿಣಕ್ಕೆ ತಲುಪಿಸಲು ಟಾಟಾ ಸಂಸ್ಥೆಯು 1932ರ ಅಕ್ಟೋಬರ್ 15ರಂದು ವಿಮಾನ ಸೇವೆಯನ್ನು ತೊಡಗಿಸಿತು. ಜೆ.ಆರ್.ಡಿ. ಟಾಟಾ ಅವರು ಒಂಟಿ ಎಂಜಿನ್ನಿನ ಪುಟ್ಟ ಪುಸ್ ಮಾತ್ ವಿಮಾನವನ್ನು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ತಾವೇ ನಡೆಸಿಕೊಂಡು ಬಂದರು. ಅಹಮದಾಬಾದಿನಲ್ಲಿ ಆ ವಿಮಾನಕ್ಕೆ ಪೆಟ್ರೋಲು ಬಂದದ್ದು ಎತ್ತಿನ ಗಾಡಿಯಲ್ಲಿ. ಮುಂಬಯಿಯಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಎಂಬ ಪೈಲಟ್ ಅಂಚೆಯನ್ನು ಮದ್ರಾಸಿಗೆ ಒಯ್ದರು. ನಡುವಿನ ನಿಲ್ದಾಣ ಬಳ್ಳಾರಿ. ಅಂದು ಮದ್ರಾಸ್ ಪ್ರಾಂತ್ಯದಲ್ಲಿದ್ದ ನಮ್ಮ ಬಳ್ಳಾರಿ ಹೀಗೆ ಲಂಡನ್ನಿನ ವಿಮಾನ ಅಂಚೆಯ ಜಾಲದಲ್ಲಿ ಒಂದು ಗಂಟಾಯಿತು. ಇತಿಹಾಸವು ದೆಹಲಿ, ಲಂಡನ್ನುಗಳಲ್ಲಿ ಮಾತ್ರ ನಡೆಯುತ್ತದೆಂದು ಭಾವಿಸುವ ಮಕ್ಕಳಿಗೆ ನಾನು ಈ ಪ್ರಸಂಗವನ್ನು ತಪ್ಪದೆ ಹೇಳುತ್ತಿದ್ದೆ.

1934ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯದ ಮೆಲ್ಬರ್ನಿಗೆ ಒಂದು ವಿಮಾನ ಪಂದ್ಯ ನಡೆಯಿತು. ಬಾಗ್ದಾದ್, ಅಲಹಾಬಾದ್, ಸಿಂಗಪುರ, ಡಾರ್ವಿನ್ ಮತ್ತು ಚಾರ್ಲ್‌ವಿಲ್‌ಗಳಲ್ಲಿ ಕಡ್ಡಾಯವಾಗಿ ಇಳಿಯಬೇಕು. ಸ್ಕಾಟ್ ಮತ್ತು ಕ್ಯಾಂಪ್‌ಬೆಲ್ ಬ್ಲ್ಯಾಕ್ ಎಂಬ ಇಂಗ್ಲಿಷರು ಪಂದ್ಯಕ್ಕೆಂದೇ ಕಟ್ಟಿದ ವಿಮಾನದಲ್ಲಿ ಸುಮಾರು 71 ಗಂಟೆಗಳಲ್ಲಿ ತಲುಪಿ ಗೆದ್ದರು. ಆದರೆ ಜಗತ್ತು ಬೆರಗಾದದ್ದು ಎರಡನೆಯದಾಗಿ ಬಂದ ವಿಮಾನವನ್ನು ಕಂಡು. ಅದು ಡಚ್ಚರ ಕೆ.ಎಲ್.ಎಂ. ಸಂಸ್ಥೆಯ ‘ಔವರ್’ ಎಂಬ ಡಿ.ಸಿ.-2 ವಿಮಾನ. ಪಂದ್ಯದ ವಿಮಾನವಲ್ಲ, ಸಾಮಾನ್ಯ ಪ್ರಯಾಣಿಕ ವಿಮಾನ. ಮೂವರು ಪ್ರಯಾಣಿಕರನ್ನೂ ಅಂಚೆಚೀಲಗಳನ್ನೂ ಹೊತ್ತು ಸುಮಾರು 90 ಗಂಟೆಗಳಲ್ಲಿ ಬಂದಿತ್ತು.

ಅದು ಎರಡನೆಯ ಸ್ಥಾನಕ್ಕೆ ಬಂದದ್ದೂ ಒಂದು ಊರಿನ ಜನರ ಕೃಪೆಯಿಂದ. ಕೊನೆಯ ರಾತ್ರಿ ಗುಡುಗುಮಳೆಯಲ್ಲಿ ದಿಕ್ಕು ತಪ್ಪಿ ಆಲ್ಬರಿ ಎಂಬ ಸಣ್ಣ ಪಟ್ಟಣದ ಮೇಲೆ ಸುತ್ತತೊಡಗಿತು. ಊರಿನವರು ಇಡೀ ಪಟ್ಟಣದ ದೀಪಗಳನ್ನು ಆರಿಸಿ ಹೊತ್ತಿಸಿ, ತಂತಿಯ ಸಂಕೇತದಲ್ಲಿ ಊರಿನ ಹೆಸರನ್ನು ಆಕಾಶಕ್ಕೆ ತಿಳಿಸಿದರು. ರೇಡಿಯೋದಲ್ಲಿ ಕರೆ ಕೇಳಿ ಕಾರುಳ್ಳವರೆಲ್ಲ ಕುದುರೆ ಪಂದ್ಯದ ಮೈದಾನಕ್ಕೆ ಧಾವಿಸಿ ಹೆಡ್‌ಲೈಟುಗಳ ಬೆಳಕು ಹಾಯಿಸಿದರು. ವಿಮಾನ ಸುರಕ್ಷಿತವಾಗಿ ಇಳಿಯಿತು. ಬೆಳಗ್ಗೆ ಜನ ಹಗ್ಗ ಕಟ್ಟಿ ಅದನ್ನು ಕೆಸರಿನಿಂದ ಎಳೆದು ಬಿಟ್ಟರು. ಸುರಬಾಯದ ಬಿದಿರು ತಟ್ಟಿ, ಆಲ್ಬರಿಯ ದೀಪ — ಈ ಮಾರ್ಗವನ್ನು ಪೈಲಟ್‌ಗಳು ಮಾತ್ರ ಕಟ್ಟಲಿಲ್ಲ.

ಮರುವರ್ಷ, 1935ರ ಏಪ್ರಿಲಿನಲ್ಲಿ, ಆಸ್ಟ್ರೇಲಿಯದ ಕ್ವಾಂಟಾಸ್ ಮತ್ತು ಇಂಪೀರಿಯಲ್ ಏರ್‌ವೇಸ್ ಜೊತೆಗೂಡಿ ಬ್ರಿಸ್ಬೇನ್–ಲಂಡನ್ ಪ್ರಯಾಣಿಕ ಸೇವೆಯನ್ನು ಆರಂಭಿಸಿದವು. ಹನ್ನೆರಡೂವರೆ ದಿನಗಳ ಪಯಣ. ದಾರಿಯ ಉದ್ದ 20,000 ಕಿ.ಮೀ.ಗೂ ಹೆಚ್ಚು. 1938ರಲ್ಲಿ ನೀರಿನ ಮೇಲಿಳಿಯುವ ಹಾರುದೋಣಿಗಳು ಬಂದು ಅವಧಿ ಸುಮಾರು ಹತ್ತು ದಿನಗಳಿಗೆ ಇಳಿಯಿತು. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ನೀರು ಬಿಟ್ಟ ಆ ವಿಮಾನ ಸಿಡ್ನಿಯ ರೋಸ್ ಬೇ ಕೊಲ್ಲಿಯಲ್ಲಿ ನೀರಿಗಿಳಿಯುತ್ತಿತ್ತು. ನಡುವೆ ಭಾರತದಲ್ಲಿ ಅದರ ನಿಲ್ದಾಣಗಳು ಯಾವುವು ಗೊತ್ತೇ? ಉದಯಪುರದ ಬಳಿಯ ರಾಜಸಮಂದ್ ಸರೋವರ, ಗ್ವಾಲಿಯರಿನ ಕೆರೆ, ಅಲಹಾಬಾದಿನ ಯಮುನೆ, ಕಲ್ಕತ್ತದ ಹೂಗ್ಲಿ. ರಾತ್ರಿಯ ವೇಳೆ ಹಾರಾಟವಿಲ್ಲ. ಪ್ರಯಾಣಿಕರು ದಡಕ್ಕಿಳಿದು ಹೋಟೆಲಿನಲ್ಲಿ ಮಲಗಿ, ಬೆಳಗ್ಗೆ ಮತ್ತೆ ದೋಣಿಯಲ್ಲಿ ವಿಮಾನದ ಬಳಿಗೆ ಹೋಗುತ್ತಿದ್ದರು. ನನ್ನ ಟಿಪ್ಪಣಿಯ ಕರಾಚಿ, ಕಲ್ಕತ್ತಗಳು ಈ ಕಾಲದ ಕೊಡುಗೆ. ವಿಮಾನಗಳು ಒಂದೇ ಉಸಿರಿನಲ್ಲಿ ದೂರ ಹಾರಲಾರವು. ಆದ್ದರಿಂದ ಬ್ರಿಟಿಷರು ತಮ್ಮ ಅಧೀನದ ಊರುಗಳನ್ನೇ ಮೆಟ್ಟುಗಲ್ಲುಗಳಂತೆ ಬಳಸಿಕೊಂಡರು. ಹುಡುಗನ ನಾರು ತೋರಿಸಿದ ದಾರಿಯಲ್ಲಿ ಅವರಿಗೆ ಅಂಥ ಮೆಟ್ಟುಗಲ್ಲುಗಳಿರಲಿಲ್ಲ.

ಎರಡನೆಯ ಮಹಾಯುದ್ಧ ಈ ದಾರಿಯನ್ನು ಕಡಿಯಿತು. 1940ರ ಜೂನಿನಲ್ಲಿ ಇಟಲಿ ಯುದ್ಧಕ್ಕಿಳಿದಾಗ ಪಶ್ಚಿಮದ ಕೊಂಡಿ ತುಂಡಾಯಿತು; 1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನೀಯರ ವಶವಾದಾಗ ಪೂರ್ವದ ಕೊಂಡಿಯೂ ಹೋಯಿತು. ಆಸ್ಟ್ರೇಲಿಯಕ್ಕೆ ಉಳಿದದ್ದು ಹಿಂದೂ ಮಹಾಸಾಗರ. 1943ರ ಮಧ್ಯಭಾಗದಲ್ಲಿ ಕ್ವಾಂಟಾಸ್ ಪರ್ತಿನಿಂದ ಸಿಂಹಳದ ಕೊಗ್ಗಲ ಸರೋವರಕ್ಕೆ ಕ್ಯಾಟಲಿನಾ ಎಂಬ ಹಾರುದೋಣಿಗಳನ್ನು ನಡೆಸತೊಡಗಿತು. ನಡುವೆ ಎಲ್ಲಿಯೂ ಇಳಿಯದೆ ಸುಮಾರು 5,650 ಕಿ.ಮೀ. ಸಾಗರ ದಾಟಬೇಕು. ಇಂಧನದ ಭಾರ ಎಷ್ಟೆಂದರೆ ಪ್ರಯಾಣಿಕರಿಗೆ ಮೂರೇ ಸ್ಥಾನ. ಆಯುಧಗಳಿಲ್ಲ, ಶತ್ರುವಿನ ಕಿವಿಗೆ ಬೀಳದಂತೆ ರೇಡಿಯೋ ಮೌನ. ಅಪಾಯದ ಕಡಲನ್ನು ಕತ್ತಲೆಯಲ್ಲಿ ದಾಟುತ್ತ, ನಕ್ಷತ್ರಗಳನ್ನು ನೋಡಿ ದಿಕ್ಕು ತಿಳಿಯಬೇಕು. ಐದು ವಿಮಾನಗಳಿಗೂ ನಕ್ಷತ್ರಗಳ ಹೆಸರನ್ನೇ ಇಟ್ಟಿದ್ದರು. ಅವುಗಳಲ್ಲಿ ವೇಗಾ ನಮ್ಮ ಅಭಿಜಿತ್, ಸ್ಪೈಕಾ ನಮ್ಮ ಚಿತ್ತಾ, ಆಂಟಾರೆಸ್ ನಮ್ಮ ಜ್ಯೇಷ್ಠಾ.

ಒಂದು ಯಾನಕ್ಕೆ 27ರಿಂದ 32 ಗಂಟೆ. ಹೊರಟ ಮೇಲೆ ಎರಡು ಸಲ ಸೂರ್ಯೋದಯವನ್ನು ಕಾಣುತ್ತಿದ್ದುದರಿಂದ ಅವನ್ನು ‘ಎರಡು ಸೂರ್ಯೋದಯದ ಯಾನ’ವೆಂದು ಕರೆದರು, ಪ್ರಯಾಣಿಕರಿಗೆ ಅದೇ ಹೆಸರಿನ ಪ್ರಮಾಣಪತ್ರವನ್ನೂ ಕೊಡುತ್ತಿದ್ದರು. 1945ರ ಜುಲೈವರೆಗೆ 271 ಸಲ ಸಾಗರ ದಾಟಿದರು. ಒಂದು ಜೀವವೂ ಹೋಗಲಿಲ್ಲ. ಗಂಟೆಗಳ ಲೆಕ್ಕದಲ್ಲಿ ಇಷ್ಟು ದೀರ್ಘವಾದ ಪ್ರಯಾಣಿಕ ಹಾರಾಟವನ್ನು ಅದಕ್ಕೆ ಮೊದಲು ಯಾವ ವಿಮಾನವೂ ನಿಯಮಿತವಾಗಿ ನಡೆಸಿರಲಿಲ್ಲ.

ಯುದ್ಧದ ನಂತರದ ಕಥೆಯನ್ನು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ವಿಮಾನಗಳೇ ಬೇಗ ಹೋಗತೊಡಗಿದವು. 1947ರ ಡಿಸೆಂಬರ್ 1ರಂದು ಕ್ವಾಂಟಾಸ್‌ನ ಕಾನ್‌ಸ್ಟೆಲೇಷನ್ ವಿಮಾನ 29 ಪ್ರಯಾಣಿಕರೊಡನೆ ಸಿಡ್ನಿಯಿಂದ ಹೊರಟು ಡಾರ್ವಿನ್, ಸಿಂಗಪುರ, ಕಲ್ಕತ್ತ, ಕರಾಚಿ, ಕೈರೋ, ಟ್ರಿಪೊಲಿಗಳಲ್ಲಿ ಇಳಿದು ನಾಲ್ಕು ದಿನಗಳಲ್ಲಿ ಲಂಡನ್ ಸೇರಿತು. ಹೋಗಿ ಬರುವ ದರ 585 ಪೌಂಡು. ಅಂದಿನ ಸಾಮಾನ್ಯ ಕಾರ್ಮಿಕನ ಒಂದು ವರ್ಷದ ಗಳಿಕೆಗೂ ಮಿಗಿಲು. ಮಧ್ಯೆ ಮಧ್ಯೆ ನೆಲಕ್ಕೆ ಕಾಲೂರಿ ನೆಗೆಯುವ ಈ ದಾರಿಗೆ ‘ಕಾಂಗರೂ ಮಾರ್ಗ’ವೆಂಬ ಹೆಸರು ಒಪ್ಪಿತು. 1959ರಲ್ಲಿ ಬೋಯಿಂಗ್ 707 ಜೆಟ್ ವಿಮಾನಗಳು ಬಂದು ದಿನಗಳ ಲೆಕ್ಕ ಗಂಟೆಗಳಿಗೆ ಇಳಿಯಿತು. 1970ರ ದಶಕದಲ್ಲಿ ಜಂಬೋ ವಿಮಾನಗಳು ಬಂದವು. ಸಾಧಾರಣ ಕುಟುಂಬಗಳೂ ಹಾರುವಂತಾಯಿತು. ನಿಲ್ದಾಣಗಳು ಒಂದೊಂದಾಗಿ ಕಳಚಿದವು. ನಾನು ಪ್ರಶ್ನೆ ಕೇಳಿದ 1986ರ ಹೊತ್ತಿಗೆ ನನ್ನ ಟಿಪ್ಪಣಿಯಲ್ಲಿದ್ದ ದಾರಿ ಆಗಲೇ ಹಳೆಯ ಕಾಲದ್ದಾಗಿತ್ತೆಂಬುದನ್ನೂ ಈಗ ಒಪ್ಪಿಕೊಳ್ಳಬೇಕು.

ಒಂದೇ ಒಂದು ನೆಗೆತ ಮಾತ್ರ ಬಹುಕಾಲ ಕೈಗೆಟುಕಲಿಲ್ಲ: ಎಲ್ಲಿಯೂ ಇಳಿಯದೆ ಲಂಡನ್ನಿನಿಂದ ಸಿಡ್ನಿಗೆ. ಕಾರಣ ಸುಲಭವಾಗಿ ಅರ್ಥವಾಗುವಂಥದು. ಬುತ್ತಿ ಕಟ್ಟಿಕೊಂಡು ಯಾತ್ರೆಗೆ ಹೊರಟವನಿಗೆ ದಾರಿ ದೂರವಾದಷ್ಟೂ ಬುತ್ತಿ ದೊಡ್ಡದಾಗಬೇಕು. ಬುತ್ತಿ ದೊಡ್ಡದಾದಷ್ಟೂ ಅದನ್ನು ಹೊರಲು ಹೆಚ್ಚು ಉಣ್ಣಬೇಕು. ವಿಮಾನದ ಇಂಧನವೂ ಹಾಗೆಯೇ. 1989ರ ಆಗಸ್ಟಿನಲ್ಲಿ ಕ್ವಾಂಟಾಸ್‌ನ ಹೊಸ ಬೋಯಿಂಗ್ 747-400 ವಿಮಾನವೊಂದು ಲಂಡನ್ನಿನಿಂದ ನೇರವಾಗಿ ಸಿಡ್ನಿಗೆ ಹಾರಿತು. 20 ಗಂಟೆ 9 ನಿಮಿಷ. ಆದರೆ ನಾನೂರು ಜನರನ್ನು ಹೊರಬಲ್ಲ ಆ ವಿಮಾನದಲ್ಲಿ ಹಣ ಕೊಟ್ಟ ಪ್ರಯಾಣಿಕ ಒಬ್ಬನೂ ಇರಲಿಲ್ಲ. ಇಂಧನ ಉಳಿಸಲು ವಿಮಾನವನ್ನು ಓಡುದಾರಿಯ ತುದಿಯವರೆಗೆ ಬೇರೆ ವಾಹನದಿಂದ ಎಳೆದೊಯ್ದಿದ್ದರು.

ಅಲ್ಲಿಂದ ಮುಂದೆ ಹಗುರವಾದ ಕವಚ, ಮಿತವಾಗಿ ಇಂಧನ ಕುಡಿಯುವ ಎಂಜಿನ್ನುಗಳು ಬಂದವು. 2018ರ ಮಾರ್ಚಿನಲ್ಲಿ ಪರ್ತಿನಿಂದ ಲಂಡನ್ನಿಗೆ, 14,498 ಕಿ.ಮೀ. ದೂರಕ್ಕೆ, ಪ್ರಯಾಣಿಕರನ್ನು ಹೊತ್ತ ನೇರ ವಿಮಾನ ಸೇವೆ ಆರಂಭವಾಯಿತು. ಪಯಣದ ಅವಧಿ ಸುಮಾರು 17 ಗಂಟೆ. ಆಸ್ಟ್ರೇಲಿಯ ಮತ್ತು ಯೂರೋಪುಗಳ ನಡುವೆ ನಿಲುಗಡೆಯಿಲ್ಲದ ಮೊದಲ ನಿಯಮಿತ ಸೇವೆ ಅದು. ಎರಡು ಸೂರ್ಯೋದಯ ಕಂಡ ಹಾರುದೋಣಿಗಳು ಅದೇ ಪರ್ತಿನ ಸ್ವಾನ್ ನದಿಯಿಂದ ಸಿಂಹಳವನ್ನು ಮುಟ್ಟಲು ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು.

ಇನ್ನು ನಮ್ಮ ಹುಡುಗನ ನಾರಿನ ವಿಷಯ. 2019ರ ನವೆಂಬರಿನಲ್ಲಿ ಕ್ವಾಂಟಾಸ್ ಸಂಶೋಧನೆಗಾಗಿ ಐವತ್ತೆರಡು ಮಂದಿಯನ್ನು ಹೊತ್ತು ಲಂಡನ್–ಸಿಡ್ನಿ ನೇರ ಯಾನವನ್ನು ನಡೆಸಿತು. 19 ಗಂಟೆ 19 ನಿಮಿಷ. ಆ ಯೋಜನೆಗೆ ಇಟ್ಟ ‘ಸೂರ್ಯೋದಯ’ ಎಂಬರ್ಥದ ಹೆಸರು ಯುದ್ಧಕಾಲದ ಯಾನಗಳ ನೆನಪಿಗಾಗಿ. ಪತ್ರಿಕೆಯಲ್ಲಿ ವಿಮಾನ ಹಾದುಹೋದ ದೇಶಗಳ ಪಟ್ಟಿಯನ್ನು ಓದಿದೆ: ನೆದರ್ಲೆಂಡ್ಸ್, ಜರ್ಮನಿ, ಪೋಲೆಂಡ್, ಬೆಲಾರುಸ್, ರಷ್ಯಾ, ಕಜಕಸ್ತಾನ, ಚೀನಾ, ಫಿಲಿಪೀನ್ಸ್, ಇಂಡೋನೇಷ್ಯಾ. ಕೈರೋ ಇಲ್ಲ, ಕರಾಚಿ ಇಲ್ಲ, ಕಲ್ಕತ್ತವಿಲ್ಲ. ಮೂವತ್ತಮೂರು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಬಾಲಕ ಬಾಳೆನಾರು ಎಳೆದು ತೋರಿಸಿದ್ದ ದಾರಿಯಲ್ಲಿಯೇ ವಿಮಾನ ಹೋಗಿತ್ತು. ನಾನು ಪತ್ರಿಕೆಯನ್ನು ಮಡಿಸಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಅಂದೇ ಅವನಿಗೆ ಕರೆ ಮಾಡಿ ಹೇಳಬೇಕಿತ್ತು. ನಾಳೆ ಹೇಳೋಣವೆಂದು ಬಿಟ್ಟೆ.

ಆ ದಾರಿ ಮೊದಲು ತೆರೆಯದೇ ಇದ್ದುದಕ್ಕೆ ಇಂಧನವೊಂದೇ ಕಾರಣವಲ್ಲ. 1986ರಲ್ಲಿ ಸೋವಿಯತ್ ಒಕ್ಕೂಟದ ಆಕಾಶವು ಹೊರಗಿನವರು ಬೇಕೆಂದಾಗ ಹಾದುಹೋಗುವಂತೆ ತೆರೆದಿರಲಿಲ್ಲ. ತೆರೆದ ಬಾಗಿಲು ತೆರೆದೇ ಇರುತ್ತದೆಂಬ ಭರವಸೆಯೂ ಇಲ್ಲ. 2022ರ ಫೆಬ್ರವರಿಯಲ್ಲಿ ಯುಕ್ರೇನ್ ಯುದ್ಧ ಆರಂಭವಾದಾಗ ಬ್ರಿಟನ್ ಮತ್ತು ರಷ್ಯಾ ಪರಸ್ಪರರ ವಿಮಾನಗಳಿಗೆ ಆಕಾಶವನ್ನು ಮುಚ್ಚಿದವು. 2024ರ ಏಪ್ರಿಲಿನಲ್ಲಿ ಇರಾನಿನ ಸುತ್ತ ಉದ್ವಿಗ್ನತೆ ಹೆಚ್ಚಿದಾಗ ಪರ್ತ್–ಲಂಡನ್ ನೇರ ವಿಮಾನವೂ ಸುತ್ತು ದಾರಿ ಹಿಡಿದು, ಇಂಧನಕ್ಕಾಗಿ ಸಿಂಗಪುರದಲ್ಲಿ ಇಳಿದು ಹೋಗಬೇಕಾಯಿತು. ಆದರೆ ಲಂಡನ್ನಿನಿಂದ ಪರ್ತಿಗೆ ಬರುವ ವಿಮಾನ ನಿಲ್ಲದೆಯೇ ಬರುತ್ತಿತ್ತು! ಎತ್ತರದ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಕೆಲವೊಮ್ಮೆ ಗಂಟೆಗೆ 150 ಕಿ.ಮೀ.ಗೂ ಮೀರಿದ ವೇಗದಲ್ಲಿ ಗಾಳಿ ಬೀಸುತ್ತದೆ. ಪೂರ್ವಕ್ಕೆ ಹೊರಟವನಿಗೆ ಅದು ಬೆನ್ನು ತಟ್ಟುತ್ತದೆ, ಪಶ್ಚಿಮಕ್ಕೆ ಹೊರಟವನಿಗೆ ಎದೆಗೆ ಒದೆಯುತ್ತದೆ. ಅದೇ ಎರಡು ಊರು, ಅದೇ ದೂರ. ಹೋಗುವ ಕಾಲವೇ ಬೇರೆ, ಬರುವ ಕಾಲವೇ ಬೇರೆ.

ಇಷ್ಟೆಲ್ಲ ಬರೆದ ಮೇಲೆ ಹೇಳಲೇಬೇಕಾದ ಮಾತೊಂದು ಉಳಿದಿದೆ. ಅವನ ಅನುಮತಿ ಪಡೆದೇ ಬರೆಯುತ್ತಿದ್ದೇನೆ.

2021ರ ಮೇ ತಿಂಗಳ ಮೊದಲ ವಾರ, ಕೋವಿಡ್‌ನ ಎರಡನೆಯ ಅಲೆಯಲ್ಲಿ ಅವನ ತಾಯಿ ತೀರಿಕೊಂಡರು. ಬೆಂಗಳೂರಿಗೂ ಪರ್ತಿಗೂ ನೇರ ಅಂತರ ಸುಮಾರು 6,450 ಕಿ.ಮೀ. ಬೇರೆ ದಿನಗಳಲ್ಲಾಗಿದ್ದರೆ ಸಿಂಗಪುರದಲ್ಲಿ ವಿಮಾನ ಬದಲಿಸಿ, ಸುದ್ದಿ ತಲುಪಿದ ಮರುದಿನ ಸಂಜೆಗೆ ಊರಿನಲ್ಲಿರಬಹುದಿತ್ತು. ಆದರೆ 2020ರ ಮಾರ್ಚಿನಿಂದಲೇ ಭಾರತ ನಿಯಮಿತ ಅಂತರರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿತ್ತು. ಆಸ್ಟ್ರೇಲಿಯದ ಪ್ರಜೆಗಳು ವಿಶೇಷ ಅನುಮತಿಯಿಲ್ಲದೆ ದೇಶ ಬಿಟ್ಟು ಹೊರಡುವಂತಿರಲಿಲ್ಲ. ಅದರ ಮೇಲೆ, 2021ರ ಮೇ 3ರಿಂದ 15ರವರೆಗೆ, ಹಿಂದಿನ ಹದಿನಾಲ್ಕು ದಿನಗಳಲ್ಲಿ ಭಾರತದಲ್ಲಿದ್ದವರು ಸ್ವಂತ ಪ್ರಜೆಗಳಾದರೂ ಆಸ್ಟ್ರೇಲಿಯವನ್ನು ಪ್ರವೇಶಿಸಕೂಡದೆಂಬ ಆಜ್ಞೆ ಜಾರಿಯಲ್ಲಿತ್ತು. ಮೀರಿದರೆ ಸೆರೆಮನೆಯ ಶಿಕ್ಷೆಗೂ ಅವಕಾಶವಿತ್ತು. ಯುದ್ಧದ ನಡುವೆ, ಶತ್ರುಗಳ ಕಣ್ಣು ತಪ್ಪಿಸಿ, ನಕ್ಷತ್ರ ನೋಡಿಕೊಂಡು ಮೂವರನ್ನಾದರೂ ದಾಟಿಸಿದ ಸಾಗರವನ್ನು, ಇಷ್ಟೆಲ್ಲ ಯಂತ್ರಗಳಿದ್ದ ಕಾಲದಲ್ಲಿ ಒಬ್ಬ ಮಗ ದಾಟಲಾಗಲಿಲ್ಲ. ತಮ್ಮನ ಕೈಯಲ್ಲಿದ್ದ ಮೊಬೈಲಿನಲ್ಲಿ ತಾಯಿಯ ಚಿತೆಗೆ ಕೈ ಮುಗಿದ.

ಪರ್ತ್ ಇರುವ ಪಶ್ಚಿಮ ಆಸ್ಟ್ರೇಲಿಯ ರಾಜ್ಯ ತನ್ನ ಗಡಿಯನ್ನು ತೆರೆದದ್ದು 2022ರ ಮಾರ್ಚ್ 3ರಂದು. ಆ ಏಪ್ರಿಲಿನಲ್ಲಿ ಅವನು ಊರಿಗೆ ಬಂದ. ನಮ್ಮ ಮನೆಗೂ ಬಂದ. ಕಾಫಿ ಕುಡಿಯುತ್ತ, ಶೋಕೇಸಿನಲ್ಲಿ ಮೊಮ್ಮಗನಿಗೆಂದು ತಂದಿಟ್ಟ ಗ್ಲೋಬನ್ನು ಸುಮ್ಮನೆ ತಿರುಗಿಸಿದ. ಹೆಬ್ಬೆರಳನ್ನು ಪರ್ತಿನ ಮೇಲೂ ತೋರುಬೆರಳನ್ನು ಕರ್ನಾಟಕದ ಮೇಲೂ ಇಟ್ಟು, “ಒಂದು ಚೋಟು ಸಾರ್, ಅಷ್ಟೇ. ಅಮ್ಮ ಮುಡಿಗೆ ಇಟ್ಟುಕೊಳ್ಳುತ್ತಿದ್ದ ಹೂವಿನಷ್ಟು ಉದ್ದವೂ ಇಲ್ಲ” ಎಂದ. ಆಗಲೂ ನಾನು ಏನು ಹೇಳಬೇಕೆಂದು ತೋಚದೆ ಕುಳಿತೆ. ಈ ಸಲ ಗಂಟೆ ಹೊಡೆಯಲಿಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಸಿಡ್ನಿಗೆ ನೇರ ವಿಮಾನ ಸೇವೆ ಆರಂಭವಾಯಿತೆಂದು ಓದಿದೆ. ಹಿಂದಾಗಿದ್ದರೆ ತರಗತಿಯಲ್ಲಿ ‘ವಿಜ್ಞಾನವು ಜಗತ್ತನ್ನು ಕಿರಿದಾಗಿಸಿದೆ’ ಎಂಬ ವಾಕ್ಯವನ್ನು ಟಿಪ್ಪಣಿಗೆ ಸೇರಿಸುತ್ತಿದ್ದೆ. ಈಗ ಹಾಗೆ ಬರೆಸಲಾರೆ. ಎರಡು ಊರುಗಳ ಅಂತರವನ್ನು ಭೂಮಿ ಒಂದೇ ಸಲ ನಿರ್ಧರಿಸಿಬಿಟ್ಟಿದೆ. ಅದನ್ನು ದಾಟಲು ಬೇಕಾದ ಕಾಲವನ್ನು ಎಂಜಿನ್ನು, ಇಂಧನ, ಗಾಳಿಗಳ ಜೊತೆಗೆ, ಬಾಗಿಲು ಕಾಯುವ ಮನುಷ್ಯರು ನಿರ್ಧರಿಸುತ್ತಾರೆ. ಸಂಕ ಮುಳುಗಿದಾಗ ಎದುರು ದಡವೂ ದೂರವೆಂದ ನಮ್ಮ ಅಜ್ಜಿಗೆ ಇದು ತಿಳಿದಿತ್ತು.

ಇನ್ನು ಬಾಕಿಯ ಲೆಕ್ಕ. 1986ರ ಆ ಉತ್ತರಕ್ಕೆ ಎರಡಕ್ಕೆ ಎರಡು ಅಂಕಗಳನ್ನು ಕೊಟ್ಟಿದ್ದೇನೆಂದು ಅವನ ಸಹಪಾಠಿಗಳೆಲ್ಲರ ಮುಂದೆ ಇಲ್ಲಿ ದಾಖಲಿಸುತ್ತೇನೆ. ‘ಪ್ರಶ್ನೆಯನ್ನು ಸರಿಯಾಗಿ ಓದು’ ಎಂಬ ಷರಾವನ್ನು ಹೊಡೆದುಹಾಕಿದ್ದೇನೆ. ಅದು ಪ್ರಶ್ನೆ ಬರೆದವನಿಗೆ ಸಲ್ಲಬೇಕಾದದ್ದು.

ನಿಮ್ಮಲ್ಲಿ ಯಾರಿಗಾದರೂ ಇಂಥ ಬಾಕಿ ನನ್ನಿಂದ ಬರಬೇಕಿದ್ದರೆ ಸಂಕೋಚವಿಲ್ಲದೆ ಬರೆಯಿರಿ. ಮತ್ತು ದೂರದ ಊರುಗಳಲ್ಲಿರುವವರು, ಸಂಕ ಮುಳುಗದೇ ಇರುವಾಗಲೇ ಒಮ್ಮೆ ಊರಿಗೆ ಬಂದು ಹೋಗಿ.